ಐದೂವರೆಗೆ ಒಂದು ಲೋಟ ಕಾಫಿ

ದಿನಚರಿಯ ಬಗ್ಗೆ ಮಾತಾಡಿ ಎಂದು ಸಂಘದವರು ಕೇಳಿದಾಗ ನನಗೆ ಮೊದಲು ನೆನಪಾದವನು ನಮ್ಮ ಕಸುಬಿನವನೇ. ನಾನು 31 ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು. ಆಂಟನಿ ಟ್ರೊಲೋಪ್ ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ 33 ವರ್ಷ ದುಡಿದವನು. ಬೀದಿ ತುದಿಯಲ್ಲಿ ಕಂಬದಂತೆ ನಿಲ್ಲುವ ಅಂಚೆ ಡಬ್ಬಿ ಇದೆಯಲ್ಲ, ಅದು 1852ರಲ್ಲಿ ಜರ್ಸಿ ದ್ವೀಪಕ್ಕೆ ಬಂದದ್ದು ಇವನ ಸಲಹೆಯಿಂದ. ಇದೇ ಮನುಷ್ಯ 47 ಕಾದಂಬರಿಗಳನ್ನೂ ಬರೆದ.

ಹುಟ್ಟಾ ಶಿಸ್ತಿನವನೇನಲ್ಲ. 1834ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ ಲಂಡನ್ನಿನಲ್ಲಿ ಗುಮಾಸ್ತನಾದ. ಏಳು ವರ್ಷ ತಡವಾಗಿ ಬರುವುದು, ಬೈಸಿಕೊಳ್ಳುವುದು, ಮೈತುಂಬ ಸಾಲ. 1841ರಲ್ಲಿ ಐರ್ಲೆಂಡಿಗೆ ಹೋದ ಮೇಲೆ ಬದುಕು ಹದಕ್ಕೆ ಬಂತು. ಊರೂರು ಕುದುರೆಯ ಮೇಲೆ ಸುತ್ತುವ ಕೆಲಸ ಮೈಗೂ ಮನಸ್ಸಿಗೂ ಒಗ್ಗಿತು. ಮೊದಲ ಕಾದಂಬರಿಗೆ ಕೈ ಹಾಕಿದ್ದು 1843ರಲ್ಲಿ. ನನ್ನಿಂದ ಆಗುವುದಿಲ್ಲ ಎಂದುಕೊಂಡು ಕೂತ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಈ ಏಳು ವರ್ಷದ ಕತೆಯನ್ನೇ.

1859ರಿಂದ ಆತ ಲಂಡನ್ನಿನ ಹತ್ತಿರ ವಾಲ್ಥಮ್ ಕ್ರಾಸ್‌ನಲ್ಲಿದ್ದ. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ. ಮೊದಲ ಅರ್ಧ ಗಂಟೆ ಹೊಸದೇನೂ ಬರೆಯುವುದಿಲ್ಲ. ನಿನ್ನೆ ಬರೆದದ್ದನ್ನು ಓದುವುದು, ವಾಕ್ಯದ ದನಿ ಕಿವಿಗೆ ಹೇಗೆ ಕೇಳುತ್ತದೆ ಎಂದು ನೋಡುವುದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಎಂಟೂವರೆಗೆ ಬರವಣಿಗೆ ಮುಗಿದಿರುತ್ತಿತ್ತು. ಇನ್ನು ತಿಂಡಿ, ಅಂಚೆಯ ಕೆಲಸ. ಈ ಓದಿನ ಅರ್ಧ ಗಂಟೆಯೇ ಅವನ ಜಾಣತನ ಅಂತ ನನಗನ್ನಿಸುತ್ತದೆ. ಖಾಲಿ ಹಾಳೆಯ ಮುಂದೆ ಕೂತರೆ ಕೈ ನಡುಗುತ್ತದೆ. ನಿನ್ನೆಯ ಸಾಲು ಹಿಡಿದು ಹೊರಟರೆ ಕೈ ತಾನಾಗಿ ಮುಂದೆ ಹೋಗುತ್ತದೆ.

ಲೆಕ್ಕವನ್ನೂ ಇಡುತ್ತಿದ್ದ. ಕಾದಂಬರಿ ಶುರುವಾದ ದಿನವೇ ಒಂದು ದಿನಚರಿ ಪುಸ್ತಕ ತೆರೆದು, ದಿನಕ್ಕೆ ಎಷ್ಟು ಪುಟವಾಯಿತೆಂದು ಬರೆಯುವುದು. ಆದರೆ ಗುರಿ ಮಾತ್ರ ವಾರದ ಲೆಕ್ಕದಲ್ಲಿ, ಸಾಮಾನ್ಯವಾಗಿ 40 ಪುಟ. ಕೆಲವೊಮ್ಮೆ 20ಕ್ಕೆ ಇಳಿದದ್ದುಂಟು, 112ಕ್ಕೆ ಏರಿದ್ದೂ ಉಂಟು. ದಿನದ ಗುರಿಯಾದರೆ ಒಂದು ದಿನ ತಪ್ಪಿದರೂ ಮನಸ್ಸು ಕುಸಿದು ಎಲ್ಲ ಬಿಟ್ಟುಬಿಡುತ್ತೇವೆ. ವಾರದ ಗುರಿಯಲ್ಲಿ ಜ್ವರಕ್ಕೂ ನೆಂಟರಿಗೂ ಜಾಗವಿದೆ.

ರೈಲಿನಲ್ಲಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ಹೆಂಡತಿ ರೋಸ್ ಅದನ್ನು ಶುದ್ಧಪ್ರತಿ ಮಾಡುತ್ತಿದ್ದಳು. ಇಂದಿಗೂ ಜನ ಪ್ರೀತಿಯಿಂದ ಓದುವ ‘ಬಾರ್‌ಚೆಸ್ಟರ್ ಟವರ್ಸ್’ ಬಹುಪಾಲು ಹೀಗೆ ರೈಲಿನಲ್ಲೇ ಆದದ್ದು. 1858ರಲ್ಲಿ ಅಂಚೆ ಕೆಲಸಕ್ಕೆ ಈಜಿಪ್ಟಿಗೆ ಹೊರಟಾಗ ಸಮುದ್ರ ಒರಟಾಗಿತ್ತು. ವಾಂತಿ ಬಂದಾಗ ಎದ್ದು ಓಡುವುದು, ಮತ್ತೆ ಬಂದು ಬರೆಯುವುದು. ಆಗ ಬರೆಯುತ್ತಿದ್ದ ಕಾದಂಬರಿ ಮುಗಿದ ಮರುದಿನವೇ ಇನ್ನೊಂದನ್ನು ಹಿಡಿದ.

ತೀರಿಕೊಂಡ ಮೇಲೆ, 1883ರಲ್ಲಿ, ಆತ್ಮಕತೆ ಬಂದಾಗ ಈ ಗಡಿಯಾರ, ಈ ಲೆಕ್ಕ ಕಂಡು ಹಲವರು ಮುಖ ಸಿಂಡರಿಸಿದರು. ಕಲೆಯನ್ನು ಹೀಗೆ ಅಳೆದು ಸುರಿಯುವುದೇ ಎಂದರು. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಗಡಿಯಾರ ಕತೆ ಬರೆಯುವುದಿಲ್ಲ, ಕತೆಗಾರನನ್ನು ಮೇಜಿಗೆ ಕರೆತರುತ್ತದೆ. ನಮ್ಮ ಮಾಸ್ತಿಯವರೂ ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ ಕತೆ ಬರೆದವರಲ್ಲವೇ?

ನಾನೂ ಕೆಲಸದ ಜೊತೆಗೇ ಅನುವಾದ ಮಾಡಿದವಳು. ಅದಕ್ಕೆಂದು ಮೊದಲು ಸಂಜೆಯನ್ನೇ ಇಟ್ಟುಕೊಂಡಿದ್ದೆ. ಕೌಂಟರ್ ಮುಚ್ಚಿ, ನಗದು ತಾಳೆ ನೋಡಿ, ಎರಡು ರೂಪಾಯಿ ವ್ಯತ್ಯಾಸಕ್ಕೆ ಮತ್ತೆ ಮೊದಲಿಂದ ಎಣಿಸಿ, ಬಸ್ಸಿನಲ್ಲಿ ನಿಂತು ಮನೆಗೆ ಬರುವಷ್ಟರಲ್ಲಿ ತಲೆಯಲ್ಲಿ ಒಂದು ಪದವೂ ಉಳಿದಿರುತ್ತಿರಲಿಲ್ಲ. ಮೂರು ತಿಂಗಳಲ್ಲಿ ಆದದ್ದು ಹನ್ನೊಂದು ಪುಟ. ಆಮೇಲೆ ಬೆಳಗಿನ ಜಾವಕ್ಕೆ ಬದಲಾಯಿಸಿದೆ.

ಟ್ರೊಲೋಪನನ್ನು ಎಬ್ಬಿಸಿ ಕಾಫಿ ಕೊಡುತ್ತಿದ್ದವನು ಮನೆಯ ಮುದಿ ಕುದುರೆಯಾಳು. ಅದಕ್ಕೆಂದು ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಸಂಬಳ. ವಾಲ್ಥಮ್ ಕ್ರಾಸ್‌ನ ಅಷ್ಟೂ ವರ್ಷಗಳಲ್ಲಿ ಒಂದು ದಿನವೂ ಅವನು ತಡಮಾಡಲಿಲ್ಲವಂತೆ. ನನ್ನ ಗೆಲುವಿನಲ್ಲಿ ಬೇರೆ ಯಾರಿಗಿಂತಲೂ ಹೆಚ್ಚಿನ ಋಣ ಇವನದೇ ಇರಬೇಕು ಎಂಬ ಅರ್ಥದ ಮಾತನ್ನು ಟ್ರೊಲೋಪ್ ಬರೆದಿಟ್ಟಿದ್ದಾನೆ.

ನನ್ನನ್ನು ಎಬ್ಬಿಸುತ್ತಿದ್ದವರು ನಮ್ಮ ಅತ್ತೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಸ್ಟೀಲ್ ಲೋಟದಲ್ಲಿ ಕಾಫಿ ತಂದು ಮೇಜಿನ ಮೇಲಿಡುತ್ತಿದ್ದರು. ಏನು ಬರೆಯುತ್ತೀ ಎಂದು ಒಮ್ಮೆಯೂ ಕೇಳಿದವರಲ್ಲ. ತಿಂಡಿಯ ಹೊತ್ತಿಗೆ ಒಂದೇ ಪ್ರಶ್ನೆ: “ಇವತ್ತು ಎಷ್ಟು ಪುಟ ಆಯ್ತಮ್ಮಾ?” ಒಂದೂವರೆ ಎಂದರೆ, ಸರಿ ಎಂದು ಇನ್ನೊಂದು ದೋಸೆ ಹಾಕುತ್ತಿದ್ದರು.