ಹೆಸರು ಒಂದೇ, ರೋಗಿ ಬೇರೆ
(ಕೊಂಡಜ್ಜಿಯಲ್ಲಿ ಮಾಡಿದ ಭಾಷಣ)



ಇಲ್ಲಿ ಯಾರಿಗಾದರೂ ಕಾಯಿಲೆ ಉಲ್ಬಣಿಸಿದರೆ ನಾವು ಹರಿಹರಕ್ಕೋ ದಾವಣಗೆರೆಗೋ ಧಾವಿಸುತ್ತೇವೆ. ಅಲ್ಲಿನ ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಗಳಲ್ಲಿ ಇಬ್ಬರು ಫಾತಿಮಾಬಿಯರಿರುವುದು ಅಪರೂಪವೇನಲ್ಲ. ರಾತ್ರಿ ಪಾಳಿಯ ದಾದಿ ಹೆಸರು ಕೂಗಿದಾಗ, ಅರೆನಿದ್ರೆಯಲ್ಲಿ ‘ಹೂಂ’ ಎಂದವರು ಸಕ್ಕರೆ ಕಾಯಿಲೆಯಿಲ್ಲದ ಫಾತಿಮಾಬಿಯಾಗಿದ್ದು, ಆಕೆಗೇ ಇನ್ಸುಲಿನ್ ಕೊಟ್ಟುಬಿಟ್ಟರೆ? ನಮ್ಮ ಬಂಧುವೊಬ್ಬರಿಗೂ ಒಮ್ಮೆ ಬೇರೆಯವರ ಮಾತ್ರೆ ಬಂದಿತ್ತು. ಬಣ್ಣ ಬೇರೆಯಾಗಿರುವುದನ್ನು ಕಂಡು ಮಗಳು ತಡೆದಳು.

ಇಂತಹ ಪ್ರಮಾದಗಳನ್ನು ತಡೆಯಲು ಆರ್‌ಎಫ್‌ಐಡಿ ಎಂಬ ತಂತ್ರಜ್ಞಾನವಿದೆ. ಹೆದ್ದಾರಿಯ ಟೋಲ್‌ಗೇಟಿನಲ್ಲಿ ಕೆಲಸ ಮಾಡುವ ಫಾಸ್ಟ್ಯಾಗ್ ಕೂಡ ಇದೇ. ರೋಗಿಯ ಮಣಿಕಟ್ಟಿನ ಪಟ್ಟಿಯಲ್ಲೂ ಔಷಧದ ಪೊಟ್ಟಣದಲ್ಲೂ ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಓದುವ ಯಂತ್ರ ಸೂಸುವ ರೇಡಿಯೋ ತರಂಗದಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಕಂಪ್ಯೂಟರು ಎರಡನ್ನೂ ವೈದ್ಯರ ಆದೇಶದೊಂದಿಗೆ ತಾಳೆ ನೋಡಿ, ಹೊಂದದಿದ್ದರೆ ಎಚ್ಚರಿಸುತ್ತದೆ.

ಹಾಗೆಂದು ಇದು ಮಂತ್ರದಂಡವಲ್ಲ. ಲೋಹ ಮತ್ತು ದ್ರವ ಈ ತರಂಗಗಳಿಗೆ ಅಡ್ಡಿಯಾಗುತ್ತವೆ. 2008ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದರಲ್ಲಿ, 123 ಪರೀಕ್ಷೆಗಳ ಪೈಕಿ 34ರಲ್ಲಿ ಆರ್‌ಎಫ್‌ಐಡಿ ಉಪಕರಣಗಳು ವೈದ್ಯಕೀಯ ಯಂತ್ರಗಳ ಕೆಲಸವನ್ನು ಕೆಡಿಸಿದ್ದವು. ಔಷಧಾಲಯದಲ್ಲೇ ತಪ್ಪು ಚಿಪ್ ಅಂಟಿಸಿದರೆ ಯಂತ್ರವು ಆ ತಪ್ಪಿಗೇ ಮುದ್ರೆಯೊತ್ತುತ್ತದೆ.

ಅಗ್ಗದ ದಾರಿ ಬಾರ್‌ಕೋಡ್. ನಮ್ಮ ದೇಶದಲ್ಲೂ 2023ರ ಆಗಸ್ಟ್ 1ರಿಂದ 300 ಪ್ರಮುಖ ಔಷಧ ಬ್ರಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಆದರೆ ಅದು ನಕಲಿ ಔಷಧವನ್ನು ಗುರುತಿಸಲು ನೆರವಾಗುವುದೇ ಹೊರತು ರೋಗಿಯನ್ನು ಗುರುತಿಸುವುದಿಲ್ಲ.

ಸರಕಾರವು ಯಂತ್ರ ಕೊಳ್ಳುವ ಮುನ್ನ ದಾದಿಯರನ್ನು ನೇಮಿಸಲಿ. ಒಬ್ಬಳೇ ಇಡೀ ವಾರ್ಡು ನೋಡಬೇಕಾದರೆ, ಆ ಯಂತ್ರವನ್ನು ಕೈಗೆತ್ತಿಕೊಳ್ಳಲೂ ಆಕೆಗೆ ಬಿಡುವಿರದು. ಅಲ್ಲಿಯವರೆಗೆ ಹೆಸರು ಕೂಗಿದಾಗ ‘ಹೂಂ’ ಎನ್ನದೆ, ತಂದೆಯ ಅಥವಾ ಪತಿಯ ಹೆಸರು, ಊರು, ವಯಸ್ಸು ಸಹಿತ ಹೇಳೋಣ. ‘ಇದು ಯಾವ ಔಷಧ?’ ಎಂದು ಕೇಳೋಣ.