ಬೆಂಕಿಬೆಟ್ಟಕ್ಕೆ ಚಾರಣ: ಸಿದ್ಧತೆ ಹೇಗಿರಬೇಕು?

ಭೂಗೋಳದ ಪಾಠದಲ್ಲಿ ನೀವೆಲ್ಲರೂ ಜ್ವಾಲಾಮುಖಿಯ ಒಳರಚನೆಯ ಚಿತ್ರವನ್ನು ಬಿಡಿಸಿರುತ್ತೀರಿ. ಅಡಿಯಲ್ಲಿ ಶಿಲಾಪಾಕದ ಕೋಣೆ, ನಡುವೆ ಒಂದು ಕೊಳವೆ, ತುದಿಯಲ್ಲಿ ಬಾಯಿ, ಅದರ ಮೇಲೆ ಹೊಗೆ. ಆ ಚಿತ್ರದಲ್ಲಿ ಮನುಷ್ಯರಿರುವುದಿಲ್ಲ. ಆದರೆ ಪ್ರತಿ ವರ್ಷ ಲಕ್ಷಾಂತರ ಜನ ಜೀವಂತ ಜ್ವಾಲಾಮುಖಿಗಳ ಮೇಲೆ ನಡೆದಾಡುತ್ತಾರೆ. ಅವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಬಹಳ ಮಂದಿ. ಮುಂದೊಂದು ದಿನ ನೀವೂ ಹೋಗಬಹುದು. ಅಂಥ ಚಾರಣಕ್ಕೆ ಯೋಜನೆ ಹಾಕುವುದು ಹೇಗೆ, ಅದರಲ್ಲಿ ವಿಜ್ಞಾನದ ಪಾತ್ರವೇನು ಎಂಬುದನ್ನು ಇಂದು ನೋಡೋಣ.

ನಮ್ಮ ಕರ್ನಾಟಕದಲ್ಲಿ ಜೀವಂತ ಜ್ವಾಲಾಮುಖಿ ಇಲ್ಲ. ವಿಜಯಪುರ, ಬೆಳಗಾವಿ, ಬೀದರ್ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದ್ದು. ಅದು ಆರಿ, ಸವೆದು, ಎರೆಮಣ್ಣಾಗಿ, ಜೋಳ ಬೆಳೆಯುವ ಹೊಲವಾಗಿದೆ. ಭಾರತದ ಒಂದೇ ಒಂದು ಸಕ್ರಿಯ ಜ್ವಾಲಾಮುಖಿ ಇರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ. ಅಲ್ಲಿ ಇಳಿದು ಚಾರಣ ಮಾಡಲು ಸಾಮಾನ್ಯ ಪ್ರವಾಸಿಗರಿಗೆ ಅವಕಾಶವಿಲ್ಲ. ಹೀಗಾಗಿ ನಾವು ಹೊರದೇಶದ ಉದಾಹರಣೆಯನ್ನೇ ತೆಗೆದುಕೊಳ್ಳಬೇಕು.

ನಾನು ಆರಿಸಿಕೊಂಡಿರುವುದು ದಕ್ಷಿಣ ಇಟಲಿಯ ಸಿಸಿಲಿ ಪ್ರದೇಶ. ಅಲ್ಲಿ ಒಂದೇ ವಾರದಲ್ಲಿ ಮೂರು ಜ್ವಾಲಾಮುಖಿಗಳನ್ನು ನೋಡಬಹುದು: ವುಲ್ಕಾನೊ, ಸ್ಟ್ರಾಂಬೊಲಿ ಮತ್ತು ಎಟ್ನಾ. ಮೂರರ ಸ್ವಭಾವವೂ ಬೇರೆ ಬೇರೆ. ಮೂರನ್ನೂ ವಿಜ್ಞಾನಿಗಳು ಹಗಲಿರುಳು ಗಮನಿಸುತ್ತಿರುತ್ತಾರೆ.

ಮೊದಲನೆಯದು ವುಲ್ಕಾನೊ. ಸಿಸಿಲಿಯ ಮಿಲಾಜೊ ಬಂದರಿನಿಂದ ದೋಣಿ ಹಿಡಿದರೆ ಸಿಗುವ ದ್ವೀಪ. ರೋಮನ್ನರ ಅಗ್ನಿದೇವ ವಲ್ಕನ್‌ನ ಕಮ್ಮಾರಸಾಲೆ ಇಲ್ಲಿಯೇ ಇದೆಯೆಂದು ಹಿಂದಿನವರು ನಂಬಿದ್ದರು. ಇಂಗ್ಲಿಷಿನ ‘ವಾಲ್ಕೇನೊ’ ಎಂಬ ಪದ ಬಂದಿರುವುದು ಈ ಹೆಸರಿನಿಂದಲೇ. ಬೆಟ್ಟ ಎತ್ತರವಲ್ಲ, 391 ಮೀಟರ್ ಅಷ್ಟೆ. ಅದರ ಕೊನೆಯ ಆಸ್ಫೋಟ 1888ರಿಂದ 1890ರವರೆಗೆ ನಡೆಯಿತು. ಇಷ್ಟು ಕೇಳಿದರೆ ಮೂರರಲ್ಲಿ ಇದೇ ಸುಲಭವೆಂದು ತೋರುತ್ತದೆ. ಆದರೆ 2021ರ ಶರತ್ಕಾಲದಲ್ಲಿ ಇಲ್ಲಿನ ನೆಲದಿಂದ ಹೊರಡುವ ಅನಿಲಗಳು ಒಮ್ಮೆಲೇ ಹೆಚ್ಚಿದವು. ಬೆಟ್ಟದ ದಾರಿ ಮುಚ್ಚಿತು. ಬಂದರಿನ ಬಳಿಯ ಮನೆಗಳಲ್ಲಿ ರಾತ್ರಿ ಯಾರೂ ಮಲಗಕೂಡದೆಂದು ಆಜ್ಞೆಯಾಯಿತು. ಕಾರಣ ನಿಮಗೆ ತಿಳಿದದ್ದೇ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಗಾಳಿ ಬೀಸದ ರಾತ್ರಿಯಲ್ಲಿ ಅದು ತಗ್ಗಿನಲ್ಲಿ, ನೆಲಮಟ್ಟದ ಕೋಣೆಯಲ್ಲಿ ನೀರಿನಂತೆ ಶೇಖರವಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿ ಕಾಣದ ಜ್ವಾಲಾಮುಖಿಯೂ ಪ್ರಾಣಕ್ಕೆ ಎರವಾಗಬಲ್ಲದು. ಆದ್ದರಿಂದ ಚಾರಣಿಗರು ತಗ್ಗಿನಲ್ಲಿ ಕುಳಿತು ವಿಶ್ರಮಿಸಬಾರದು, ಗಾಳಿ ಬರುವ ಕಡೆ ನಿಲ್ಲಬೇಕು.

ಎರಡನೆಯದು ಸ್ಟ್ರಾಂಬೊಲಿ. ಸಮುದ್ರದಿಂದ 924 ಮೀಟರ್ ಎತ್ತರಕ್ಕೆ ಎದ್ದು ನಿಂತ ಒಂಟಿ ಬೆಟ್ಟ. ನಾವಿಕರು ಇದನ್ನು ಮೆಡಿಟರೇನಿಯನ್ ಸಮುದ್ರದ ದೀಪಸ್ತಂಭವೆನ್ನುತ್ತಿದ್ದರು. ಮುದ್ದೆಗೆ ಹಿಟ್ಟು ಹಾಕಿ ಕುದಿಸುವಾಗ ಗುಳ್ಳೆ ಮೇಲೆದ್ದು, ಒಡೆದು, ಹಿಟ್ಟು ಅತ್ತಿತ್ತ ಸಿಡಿಯುವುದನ್ನು ನೋಡಿದ್ದೀರಲ್ಲ? ಇಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ಕೊಳವೆಯೊಳಗಿನ ಶಿಲಾಪಾಕದಲ್ಲಿ ಅನಿಲದ ದೊಡ್ಡ ಗುಳ್ಳೆಗಳು ಮೇಲೇರಿ ಒಡೆಯುತ್ತವೆ, ಕೆಂಡದಂಥ ಚೂರುಗಳು ಚಿಮ್ಮುತ್ತವೆ. ಸಾಮಾನ್ಯ ದಿನಗಳಲ್ಲಿ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಹೀಗಾಗುತ್ತದೆ. ಪ್ರಪಂಚದ ಬೇರೆ ಕಡೆ ಇಂಥ ಆಸ್ಫೋಟವಾದರೂ ವಿಜ್ಞಾನಿಗಳು ಅದನ್ನು ‘ಸ್ಟ್ರಾಂಬೊಲಿ ಮಾದರಿ’ ಎಂದೇ ಕರೆಯುತ್ತಾರೆ.

ಹೀಗೆ ನಿಯಮಿತವಾಗಿ ಸಿಡಿಯುವುದರಿಂದ ಜನ ಇದನ್ನು ನಂಬಿಬಿಡುತ್ತಾರೆ. 2019ರವರೆಗೆ ಮಾರ್ಗದರ್ಶಿಯೊಂದಿಗೆ ತುದಿಯ ಬಳಿಯವರೆಗೂ ಹೋಗಬಹುದಿತ್ತು. ಆ ವರ್ಷ ಜುಲೈ 3ರಂದು ಭಾರಿ ಆಸ್ಫೋಟವಾಗಿ ಒಬ್ಬ ಚಾರಣಿಗ ಸತ್ತ. ಆಗಸ್ಟ್ 28ರಂದು ಮತ್ತೊಂದು ಆಸ್ಫೋಟವಾಯಿತು. ಅನಂತರ ತುದಿಯ ದಾರಿಯನ್ನು ಮುಚ್ಚಿ, ಬಹಳ ಕೆಳಗಿನ ಜಾಗಗಳಿಂದ ನೋಡುವ ವ್ಯವಸ್ಥೆ ಮಾಡಲಾಯಿತು. ಎಷ್ಟು ಎತ್ತರದವರೆಗೆ ಬಿಡಬೇಕೆಂಬ ಆಜ್ಞೆಯೂ ಬೆಟ್ಟದ ಸ್ಥಿತಿಗೆ ತಕ್ಕಂತೆ ಬದಲಾಗುತ್ತಿರುತ್ತದೆ. ಹಳೆಯ ಪುಸ್ತಕ ನೋಡಿ ‘ತುದಿ ಹತ್ತುತ್ತೇವೆ’ ಎಂದು ಯೋಜನೆ ಹಾಕಿದರೆ ಅದು ಮೊದಲ ದಿನವೇ ಕೆಡುತ್ತದೆ. ಭಾರಿ ಆಸ್ಫೋಟಕ್ಕೆ ಮುನ್ನ ಬೆಟ್ಟ ಕೂದಲೆಳೆಯಷ್ಟು ಉಬ್ಬುತ್ತದೆಂದು ನೆಲದ ಓರೆಯನ್ನಳೆಯುವ ಯಂತ್ರಗಳು ತೋರಿಸಿವೆ. ಆದರೆ ಅದರಿಂದ ಸಿಗುವ ಮುನ್ಸೂಚನೆ ಕೆಲವೇ ನಿಮಿಷಗಳದು. ಅಷ್ಟರಲ್ಲಿ ತುದಿಯಿಂದ ಊರಿಗೆ ಇಳಿಯಲಾಗದು.

ಮೂರನೆಯದು ಎಟ್ನಾ. ಎತ್ತರ 3,300 ಮೀಟರಿಗೂ ಹೆಚ್ಚು. ಆಸ್ಫೋಟಗಳಿಂದ ತುದಿ ಬೆಳೆಯುತ್ತ, ಕುಸಿಯುತ್ತ ಇರುವುದರಿಂದ ಈ ಅಂಕಿ ಆಗಾಗ ಬದಲಾಗುತ್ತದೆ. ಬುಡದ ಕಟಾನಿಯಾ ನಗರದಲ್ಲಿ 30 ಡಿಗ್ರಿ ಸೆಖೆ ಇರುವ ದಿನ, ಒಂದು ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೆ, 3,000 ಮೀಟರಿನಲ್ಲಿ 10 ಡಿಗ್ರಿಯ ಆಸುಪಾಸು ಇರುತ್ತದೆ. ಗಾಳಿ ಬೀಸಿದರೆ ಇನ್ನೂ ಚಳಿ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. 2017ರ ಮಾರ್ಚ್ 16ರಂದು ಹರಿಯುವ ಲಾವಾ ಹಿಮವನ್ನು ಮುಟ್ಟಿದಾಗ ಹಿಮ ಥಟ್ಟನೆ ಆವಿಯಾಗಿ ಸಿಡಿಯಿತು. ಸುತ್ತಲಿದ್ದವರಲ್ಲಿ ಸುಮಾರು ಹತ್ತು ಮಂದಿಗೆ ಗಾಯವಾಯಿತು. ಅಲ್ಲಿ ಬಿಬಿಸಿಯ ಚಿತ್ರೀಕರಣ ತಂಡವೂ ಇತ್ತು. 2025ರ ಜೂನ್ 2ರಂದು ತುದಿಯ ಒಂದು ಭಾಗ ಕುಸಿದು ಬಿಸಿ ಬೂದಿಯ ಮೋಡ ಇಳಿಜಾರಿನಲ್ಲಿ ನುಗ್ಗಿತು. ಬೆಟ್ಟದ ಮೇಲಿದ್ದ ಪ್ರವಾಸಿಗರು ಓಡಿ ಇಳಿದರು. ಅಂದು ಯಾರಿಗೂ ಅಪಾಯವಾಗಲಿಲ್ಲ.

ಈಗ ಯೋಜನೆಗೆ ಬರೋಣ. ಮೂರು ಬೆಟ್ಟಗಳಿಗೆ ಏಳು ದಿನ ಇಟ್ಟುಕೊಳ್ಳಿ. ಮೊದಲ ದಿನ ಕಟಾನಿಯಾದಿಂದ ಮಿಲಾಜೊ. ಎರಡನೆಯ ದಿನ ವುಲ್ಕಾನೊ. ಮೂರನೆಯ ದಿನ ಸ್ಟ್ರಾಂಬೊಲಿ ತಲುಪಿ, ಸಂಜೆ ಮಾರ್ಗದರ್ಶಿಯೊಂದಿಗೆ ಅನುಮತಿ ಇರುವಷ್ಟು ಎತ್ತರ. ನಾಲ್ಕನೆಯ ದಿನ ಖಾಲಿ. ಐದನೆಯ ದಿನ ಮರಳಿ ಎಟ್ನಾದ ಬುಡಕ್ಕೆ. ಆರನೆಯ ದಿನ ಎಟ್ನಾ. ಏಳನೆಯ ದಿನ ಮತ್ತೆ ಖಾಲಿ. ಈ ಎರಡು ಖಾಲಿ ದಿನಗಳು ದಂಡವಲ್ಲವೇ ಎಂದು ನೀವು ಕೇಳಬಹುದು. ಸಮುದ್ರ ಕೆರಳಿದರೆ ದೋಣಿ ಹೊರಡುವುದಿಲ್ಲ. ಮೋಡ ಕವಿದರೆ ದಾರಿ ಕಾಣುವುದಿಲ್ಲ. ಬೆಟ್ಟ ಕನಲಿದರೆ ದಾರಿ ತೆರೆಯುವುದಿಲ್ಲ. ಖಾಲಿ ದಿನವಿಲ್ಲದಿದ್ದರೆ ‘ಇಂದು ಬಿಟ್ಟರೆ ಇನ್ನಿಲ್ಲ’ ಎಂಬ ಹಟ ಹುಟ್ಟುತ್ತದೆ. ಜ್ವಾಲಾಮುಖಿಯ ಮೇಲೆ ಈ ಹಟದಷ್ಟು ಅಪಾಯಕಾರಿ ವಸ್ತು ಬೇರೊಂದಿಲ್ಲ.

ಕಾಲವೂ ಮುಖ್ಯ. ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳು ಅನುಕೂಲ. ಗಟ್ಟಿ ಅಟ್ಟೆಯ, ಕಣಕಾಲು ಮುಚ್ಚುವ ಬೂಟು ಬೇಕು. ಹೊಸ ಲಾವಾಶಿಲೆ ಒಡೆದ ಗಾಜಿನಂತೆ ಹರಿತ, ಆದ್ದರಿಂದ ಕೈಗವಸು ಬೇಕು. ಶಿರಸ್ತ್ರಾಣ, ತಲೆಗೆ ಕಟ್ಟುವ ದೀಪ, ಗಾಳಿ ತಡೆಯುವ ಮೇಲಂಗಿ, ಬೂದಿಗೆ ಮುಖಗವಸು ಮತ್ತು ಕಣ್ಣಿನ ರಕ್ಷಣೆ, ಕನಿಷ್ಠ ಎರಡು ಲೀಟರ್ ನೀರು. ಬೂದಿ ಹಾರುವ ಕಡೆ ಕಾಂಟ್ಯಾಕ್ಟ್ ಲೆನ್ಸ್ ಬೇಡ, ಕನ್ನಡಕವೇ ವಾಸಿ. ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು, ಗಂಧಕದ ಡೈಆಕ್ಸೈಡ್ ಅವರಿಗೆ ಬಹು ಬೇಗ ತಾಗುತ್ತದೆ. ಅಲ್ಲಿನ ವೀಸಾಕ್ಕೆ ವಿಮೆ ಕಡ್ಡಾಯ. ಆದರೆ ಆ ವಿಮೆಯಲ್ಲಿ ಪರ್ವತ ಚಾರಣ ಮತ್ತು ಬೆಟ್ಟದಿಂದ ಪಾರುಮಾಡುವ ಖರ್ಚು ಸೇರಿದೆಯೇ ಎಂದು ಓದಿ ನೋಡಬೇಕು.

ಇನ್ನು ಮಾರ್ಗದರ್ಶಿಯ ವಿಷಯ. ಸಿಸಿಲಿಯಲ್ಲಿ ಜ್ವಾಲಾಮುಖಿ ಮಾರ್ಗದರ್ಶಿಗಳೆಂಬ ಪರವಾನಗಿ ಪಡೆದ ವರ್ಗವೇ ಇದೆ. ಹಣ ಕೊಡುವ ಮೊದಲು ಅವರಿಗೆ ಮೂರು ಪ್ರಶ್ನೆ ಕೇಳಿ. ಪರವಾನಗಿ ಇದೆಯೇ? ಒಬ್ಬ ಮಾರ್ಗದರ್ಶಿಗೆ ಎಷ್ಟು ಜನ? ದಾರಿ ಮಧ್ಯೆ ಹಿಂದಿರುಗಬೇಕಾಗಿ ಬಂದರೆ ಹಣದ ಗತಿಯೇನು? ಮೂರನೆಯ ಪ್ರಶ್ನೆ ಸಣ್ಣದಲ್ಲ. ಹಣ ಹೋಗುತ್ತದೆಂಬ ಸಂಕಟವೇ ಅನೇಕರನ್ನು ಮುಂದೆ ನೂಕುತ್ತದೆ. ಆ ಲೆಕ್ಕವನ್ನು ಊರಿನಲ್ಲೇ ಮುಗಿಸಿಕೊಂಡು ಹೋದರೆ ಬೆಟ್ಟದ ಮೇಲೆ ಮನಸ್ಸು ಸ್ಥಿಮಿತವಾಗಿರುತ್ತದೆ.

ಹೀಗೆ ನಿಮ್ಮ ಕಿವಿಗೆ ಮೂರು ಮಾತು ಬೀಳುತ್ತವೆ. ಒಂದು, ಸರ್ಕಾರದ ಅನುಮತಿ. ಎರಡು, ವಿಜ್ಞಾನಿಗಳ ವರದಿ. ಇಟಲಿಯಲ್ಲಿ ರಾಷ್ಟ್ರೀಯ ಭೂಭೌತ ಮತ್ತು ಜ್ವಾಲಾಮುಖಿ ವಿಜ್ಞಾನ ಸಂಸ್ಥೆ ಇದನ್ನು ಪ್ರಕಟಿಸುತ್ತದೆ, ನಾಗರಿಕ ರಕ್ಷಣಾ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆಯ ಮಟ್ಟ ಸಾರುತ್ತದೆ. ಮೂರು, ಮಾರ್ಗದರ್ಶಿ ಕಣ್ಣಾರೆ ಕಂಡು ಹೇಳುವುದು. ಮೂರೂ ಒಂದೇ ಆಗಿದ್ದರೆ ಚಿಂತೆಯಿಲ್ಲ. ಬೇರೆ ಬೇರೆಯಾದರೆ ಯಾವುದನ್ನು ಕೇಳಬೇಕು? ಮೂರರಲ್ಲಿ ಯಾವುದು ಹೆಚ್ಚು ಕಟ್ಟುನಿಟ್ಟೋ ಅದನ್ನು. ಇಂದಿನ ಭಾಷಣದಲ್ಲಿ ನೀವು ನೆನಪಿಡಬೇಕಾದ ಮಾತು ಇದೊಂದೇ. ಏಕೆಂದು ಹೇಳುತ್ತೇನೆ.

2023ರ ಡಿಸೆಂಬರ್ 3ರಂದು ಇಂಡೋನೇಷ್ಯಾದ ಸುಮಾತ್ರಾದಲ್ಲಿ ಮರಾಪಿ ಜ್ವಾಲಾಮುಖಿ ಸಿಡಿಯಿತು. ಆಗ ಬೆಟ್ಟದ ಮೇಲೆ ಸುಮಾರು 75 ಚಾರಣಿಗರಿದ್ದರು. 24 ಮಂದಿ ಸತ್ತರು. ಅವರಲ್ಲಿ ಹಲವರು ನಿಮ್ಮ ವಯಸ್ಸಿನ ವಿದ್ಯಾರ್ಥಿಗಳು. ಬಾಯಿಯಿಂದ ಮೂರು ಕಿಲೋಮೀಟರ್ ಒಳಗೆ ಯಾರೂ ಹೋಗಬಾರದೆಂದು ವಿಜ್ಞಾನಿಗಳು ಮೊದಲೇ ಹೇಳಿದ್ದರು. ಆದರೂ ಹತ್ತಲು ಪರವಾನಗಿ ಸಿಗುತ್ತಿತ್ತು. ಪರವಾನಗಿಯನ್ನು ನಂಬಿ ಹೋದವರು ಕಾನೂನು ಮುರಿದವರಲ್ಲ. ಎರಡು ಮಾತುಗಳಲ್ಲಿ ಸಡಿಲವಾದದ್ದು ಅವರನ್ನು ಮೇಲೆ ಕರೆದೊಯ್ದಿತು.

ಜಪಾನಿನ ಒಂಟಾಕೆಯಲ್ಲಿ ಇನ್ನೊಂದು ಬಗೆ. 2014ರ ಸೆಪ್ಟೆಂಬರ್ 27, ಶನಿವಾರ, ಮಧ್ಯಾಹ್ನದ ಹೊತ್ತು. ಎಚ್ಚರಿಕೆಯ ಮಟ್ಟ ಅತಿ ಕೆಳಗಿನದು, ಅದರ ವಿವರಣೆ ‘ಸಾಮಾನ್ಯ’ ಎಂದಿತ್ತು. ನೆಲದೊಳಗಿನ ನೀರು ಕಾದು, ಆವಿಯಾಗಿ, ಬೆಟ್ಟ ಸಿಡಿಯಿತು. ಸತ್ತವರು ಮತ್ತು ಕಣ್ಮರೆಯಾದವರು ಒಟ್ಟು 63 ಮಂದಿ. ಅನಂತರ ಜಪಾನ್ ಆ ‘ಸಾಮಾನ್ಯ’ ಎಂಬ ಪದವನ್ನೇ ತೆಗೆದು, ‘ಇದು ಜೀವಂತ ಜ್ವಾಲಾಮುಖಿ ಎಂಬ ಗಮನವಿರಲಿ’ ಎಂಬ ಅರ್ಥದ ಮಾತು ಹಾಕಿತು. ಶಿಲಾಪಾಕ ಮೇಲೇರುವಾಗ ಭೂಮಿ ಕಂಪಿಸಿ ಸೂಚನೆ ಕೊಡಬಹುದು. ಆವಿಯ ಆಸ್ಫೋಟ ಅಷ್ಟನ್ನೂ ಕೊಡದಿರಬಹುದು. ಹಸಿರು ಬಣ್ಣವೆಂದರೆ ಅಪಾಯ ಶೂನ್ಯವೆಂದು ಅರ್ಥವಲ್ಲ.

ಕೊನೆಯದಾಗಿ ನನ್ನ ವೃತ್ತಿಯವರಿಗೆ ಸಂಬಂಧಿಸಿದ ಒಂದು ಘಟನೆ. 1991ರ ಜೂನ್ 3ರಂದು ಜಪಾನಿನ ಉನ್‌ಜೆನ್ ಜ್ವಾಲಾಮುಖಿಯಿಂದ ಬಿಸಿ ಬೂದಿಯ ಪ್ರವಾಹ ಇಳಿದು 43 ಮಂದಿ ಸತ್ತರು. ಜ್ವಾಲಾಮುಖಿಗಳ ಅಪೂರ್ವ ಚಿತ್ರಗಳನ್ನು ಜಗತ್ತಿಗೆ ಕೊಟ್ಟ ಫ್ರಾನ್ಸಿನ ಕಾತ್ಯಾ ಮತ್ತು ಮೊರಿಸ್ ಕ್ರಾಫ್ಟ್ ದಂಪತಿಗಳು ಅವರಲ್ಲಿದ್ದರು. ಒಳ್ಳೆಯ ದೃಶ್ಯಕ್ಕಾಗಿ ಜನರನ್ನು ತೆರವು ಮಾಡಿಸಿದ ಪ್ರದೇಶದಲ್ಲಿ ನಿಂತಿದ್ದ ಪತ್ರಕರ್ತರು, ಕ್ಯಾಮೆರಾದವರು ಇದ್ದರು. ಅವರನ್ನು ಕರೆತಂದ ಟ್ಯಾಕ್ಸಿ ಚಾಲಕರು ಇದ್ದರು. ಅಲ್ಲಿಗೆ ಕಾವಲಿಗೆ ಬಂದಿದ್ದ ಊರಿನ ಅಗ್ನಿಶಾಮಕ ಸ್ವಯಂಸೇವಕರೂ ಇದ್ದರು. ಚಾಲಕರಿಗೂ ಸ್ವಯಂಸೇವಕರಿಗೂ ಆ ದೃಶ್ಯ ಬೇಕಿರಲಿಲ್ಲ. ನಾವು ಹಾಕಿದ ಹೆಜ್ಜೆಯ ಹಿಂದೆ ಬೇರೆಯವರೂ ಹೆಜ್ಜೆ ಹಾಕಬೇಕಾಗುತ್ತದೆ. ನೀವು ದಾರಿ ತಪ್ಪಿದರೆ ಹುಡುಕಲು ಬರುವವನು ನಿಮ್ಮ ಮಾರ್ಗದರ್ಶಿ, ಅವನಿಗೂ ಮನೆಯಲ್ಲಿ ಕಾಯುವವರಿರುತ್ತಾರೆ. ಫೋಟೊ ತೆಗೆಯಲು ಗೆರೆ ದಾಟುವ ಮುನ್ನ ಇದನ್ನು ಯೋಚಿಸಿ.

ಹಾಗಾದರೆ ಜ್ವಾಲಾಮುಖಿಯ ಕಡೆಗೆ ಹೋಗಲೇಬಾರದೇ? ಖಂಡಿತ ಹೋಗಿ. ಭೂಮಿ ಇನ್ನೂ ತಯಾರಾಗುತ್ತಿದೆ ಎಂಬುದನ್ನು ಕಣ್ಣಾರೆ ಕಾಣುವ ಅವಕಾಶ ಬೇರೆಲ್ಲಿ ಸಿಕ್ಕೀತು? ಕತ್ತಲಲ್ಲಿ, ದೂರದ ಸುರಕ್ಷಿತ ಜಾಗದಿಂದ ಸ್ಟ್ರಾಂಬೊಲಿಯ ಕಿಡಿಗಳನ್ನು ಕಂಡರೂ ಪಠ್ಯಪುಸ್ತಕದ ಆ ಚಿತ್ರಕ್ಕೆ ಜೀವ ಬರುತ್ತದೆ. ಅಲ್ಲಿಯವರೆಗೆ ಒಂದು ಅಭ್ಯಾಸ ಮಾಡಿ. ಯಾವುದಾದರೂ ಒಂದು ಜ್ವಾಲಾಮುಖಿಯನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ವೈಜ್ಞಾನಿಕ ವರದಿಯನ್ನು ಓದಿ, ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಪ್ರತಿ ವಾರದ ಪುಟದ ಕೆಳಗೆ ‘ಈ ವಾರ ನಾನಾಗಿದ್ದರೆ ಹತ್ತುತ್ತಿದ್ದೆ’ ಅಥವಾ ‘ಹತ್ತುತ್ತಿರಲಿಲ್ಲ’ ಎಂದು ಕಾರಣ ಸಹಿತ ಗುರುತು ಹಾಕಿ. ಒಂದು ವರ್ಷ ಹೀಗೆ ಮಾಡಿದವರು ಬೆಟ್ಟದ ಬುಡಕ್ಕೆ ಹೋಗುವಷ್ಟರಲ್ಲಿ ಅರ್ಧ ಸಿದ್ಧತೆ ಮುಗಿಸಿರುತ್ತಾರೆ.