ಹಳೆಯ ಪುಟಕ್ಕೂ ಹೊಸ ನಿಯಮಕ್ಕೂ ಒಂದೇ ಬ್ರೌಸರ್

ಮಕ್ಕಳೇ, ದೆಹಲಿಯ ದಕ್ಷಿಣ ಭಾಗದಲ್ಲಿ, ಯಮುನಾ ನದಿಯ ಹತ್ತಿರ, ಓಖ್ಲಾ ಎಂಬ ಜಾಗವಿದೆ. ಅಲ್ಲಿ ಎರಡು ಬಗೆಯ ಹಳಿಗಳನ್ನು ನೋಡಬಹುದು. ಓಖ್ಲಾ ರೈಲು ನಿಲ್ದಾಣದಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಹರಕೇಶ್ ನಗರ ಓಖ್ಲಾ ಮೆಟ್ರೊ ನಿಲ್ದಾಣದಲ್ಲಿ ಅದೇ ಅಂತರ 1435 ಮಿಲಿಮೀಟರ್. ಲೆಕ್ಕ ಹಾಕಿ ನೋಡಿ, ವ್ಯತ್ಯಾಸ 241 ಮಿಲಿಮೀಟರ್. ನಿಮ್ಮ ಕಂಪಾಸು ಪೆಟ್ಟಿಗೆಯ ಪುಟ್ಟ ಸ್ಕೇಲು ಒಂದೂವರೆ ಸಲ ಹಿಡಿಸುವಷ್ಟು ಜಾಗ. ಅಷ್ಟಕ್ಕೇ ಇಲ್ಲಿನ ರೈಲು ಅಲ್ಲಿ ಓಡದು, ಅಲ್ಲಿನದು ಇಲ್ಲಿ ಓಡದು.

2002ರಲ್ಲಿ ದೆಹಲಿ ಮೆಟ್ರೊ ಶುರುವಾದಾಗ ಅದರ ಹಳಿಗಳೂ ನಮ್ಮ ರೈಲಿನ ಹಾಗೆ ಅಗಲವಾಗಿಯೇ ಇದ್ದವು. ಆಮೇಲೆ ಹಾಕಿದ ಹಲವು ಮಾರ್ಗಗಳಿಗೆ 1435ರ ಅಳತೆಯನ್ನು ಆರಿಸಿಕೊಂಡರು. ಬೆಂಗಳೂರಿನ ನಮ್ಮ ಮೆಟ್ರೊ ಓಡುವುದೂ ಇದೇ ಅಳತೆಯ ಮೇಲೆ. ಹೊಸ ಅಳತೆ ಬಂತೆಂದು ದೆಹಲಿಯ ಹಳೆಯ ಮಾರ್ಗಗಳನ್ನು ಯಾರೂ ಕಿತ್ತುಹಾಕಲಿಲ್ಲ. ಆ ಹಳಿಗೆ ಆ ರೈಲು, ಈ ಹಳಿಗೆ ಈ ರೈಲು.

ಈಗ ಒಂದು ವಿಶೇಷ ರೈಲನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಅದು ಮುಂದಿರುವ ಹಳಿಯನ್ನು ನೋಡುತ್ತದೆ, ತನ್ನ ಗಾಲಿಗಳನ್ನು ಬೇಕಾದಷ್ಟು ಒಳಕ್ಕೋ ಹೊರಕ್ಕೋ ಸರಿಸಿಕೊಂಡು ಮುಂದೆ ಹೋಗುತ್ತದೆ. ಇದು ಬರೀ ಕಲ್ಪನೆಯೇನಲ್ಲ, ಗಾಲಿಗಳ ನಡುವಿನ ಅಂತರ ಬದಲಾಯಿಸಿಕೊಳ್ಳುವ ರೈಲುಗಳು ಸ್ಪೇನ್ ದೇಶದಲ್ಲಿ ಓಡಾಡುತ್ತಿವೆ. ಇಂಥದೇ ಕೆಲಸ ಮಾಡುವ ಒಂದು ತಂತ್ರಾಂಶ ನಿಮ್ಮ ಮನೆಯ ಫೋನಿನಲ್ಲೂ ಇದೆ. ಅದೇ ಬ್ರೌಸರ್!

ಬ್ರೌಸರ್ ಏನು ಮಾಡುತ್ತದೆ ಗೊತ್ತೆ? ವೆಬ್‌ಸೈಟಿನ ಪುಟ ಚಿತ್ರವಾಗಿ ಬರುವುದಿಲ್ಲ, ಬರವಣಿಗೆಯಾಗಿ ಬರುತ್ತದೆ. ‘ಇದು ತಲೆಬರಹ, ದಪ್ಪಗೆ ಬರೆ. ಇಲ್ಲಿ ಒಂದು ಚೌಕ ಹಾಕು. ಇದಕ್ಕೆ ನೀಲಿ ಬಣ್ಣ ಕೊಡು.’ ಹೀಗೆ ಸಾಲು ಸಾಲು ಸೂಚನೆಗಳು. ಅವನ್ನು ಓದಿ, ಪರದೆಯ ಮೇಲೆ ಪುಟವನ್ನು ಬಿಡಿಸಿ ತೋರಿಸುವುದೇ ಬ್ರೌಸರಿನ ಕೆಲಸ.

ಬ್ರೌಸರ್‌ಗಳನ್ನು ಮಾಡುವವರು ಹಲವರು. ಒಂದೇ ಸೂಚನೆಗೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಂಡರೆ? ಒಂದು ಫೋನಿನಲ್ಲಿ ಚೆಂದ ಕಂಡ ಪುಟ ಇನ್ನೊಂದರಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಅದಕ್ಕೆಂದೇ ಎಲ್ಲರೂ ಒಪ್ಪುವ ನಿಯಮಗಳನ್ನು ಬರೆದಿಡಲು 1994ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆ ಹುಟ್ಟಿತು. ಪುಟದ ಅಂದಚೆಂದಕ್ಕೆ ಸಂಬಂಧಿಸಿದ ಸಿಎಸ್ಎಸ್ ಎಂಬ ನಿಯಮಗಳು 1996ರ ಡಿಸೆಂಬರಿನಲ್ಲಿ ಹೊರಬಂದವು. ಆದರೆ ಅಷ್ಟು ಹೊತ್ತಿಗಾಗಲೇ ಜನ ಪುಟಗಳನ್ನು ಬರೆಯತೊಡಗಿದ್ದರು. ನಿಯಮ ಬಂದ ಮೇಲೂ ಎಷ್ಟೋ ವರ್ಷ ಬ್ರೌಸರ್‌ಗಳು ಅದನ್ನು ಸರಿಯಾಗಿ ಪಾಲಿಸಲಿಲ್ಲ.

ಒಂದು ಉದಾಹರಣೆಯನ್ನು ನಾವೇ ಬರೆದು ನೋಡೋಣ, ಬನ್ನಿ. 20 ಸೆಂಟಿಮೀಟರ್ ಅಗಲದ ಹಾಳೆಯೊಂದನ್ನು ತೆಗೆದುಕೊಳ್ಳಿ. ನಿಮಗೆ ಸಿಕ್ಕ ಸೂಚನೆ ಇದು: ‘10 ಸೆಂಟಿಮೀಟರ್ ಅಗಲದ ಎರಡು ಚೌಕಗಳನ್ನು ಅಕ್ಕಪಕ್ಕ ಬರೆ. ಪ್ರತಿ ಚೌಕದಲ್ಲಿ ಗೆರೆಗೂ ಅಕ್ಷರಕ್ಕೂ ನಡುವೆ ಎಡಕ್ಕೆ ಒಂದು, ಬಲಕ್ಕೆ ಒಂದು ಸೆಂಟಿಮೀಟರ್ ಜಾಗ ಬಿಡು.’ ಪೆನ್ಸಿಲ್ ಹಿಡಿಯುವ ಮೊದಲು ಒಂದು ಗಳಿಗೆ ಯೋಚಿಸಿ. ಆ 10 ಸೆಂಟಿಮೀಟರನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತೀರಿ?

ಗೆರೆಯಿಂದ ಗೆರೆಗೆ ಅಳೆದರೆ ಚೌಕ ಸರಿಯಾಗಿ 10 ಸೆಂಟಿಮೀಟರ್ ಆಗುತ್ತದೆ, ಅಕ್ಷರಗಳಿಗೆ ಒಳಗೆ 8 ಉಳಿಯುತ್ತದೆ. ಎರಡೂ ಚೌಕಗಳು ಹಾಳೆಯಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಮೈಕ್ರೋಸಾಫ್ಟ್ ಕಂಪನಿಯ ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅಳೆಯುತ್ತಿದ್ದದ್ದು ಹೀಗೆ. ಆದರೆ ನಿಯಮ ಬೇರೆಯೇ ಹೇಳಿತ್ತು. 10 ಸೆಂಟಿಮೀಟರ್ ಅಕ್ಷರಗಳಿರುವ ಜಾಗಕ್ಕೆ ಮಾತ್ರ, ಬಿಟ್ಟ ಜಾಗವೆಲ್ಲ ಅದರ ಮೇಲೆ ಎಂದು. ಹಾಗೆ ಅಳೆದರೆ ಒಂದೊಂದು ಚೌಕವೂ 12 ಸೆಂಟಿಮೀಟರ್. ಎರಡು ಸೇರಿದರೆ 24. ಹಾಳೆ ಇರುವುದೇ 20! ಎರಡನೆಯ ಚೌಕಕ್ಕೆ ಪಕ್ಕದಲ್ಲಿ ಜಾಗವಿಲ್ಲದೆ ಅದು ಕೆಳಕ್ಕೆ ಜಾರುತ್ತದೆ.

ಬ್ರೌಸರ್ ಮಾಡುವವರ ಕಷ್ಟ ಈಗ ನಿಮಗೂ ಗೊತ್ತಾಯಿತಲ್ಲವೆ? ‘ಇಂದಿನಿಂದ ನಿಯಮದಂತೆಯೇ ಅಳೆಯುತ್ತೇವೆ’ ಎಂದು ಒಮ್ಮೆಗೇ ಬದಲಾಯಿಸಿದರೆ, ಗೆರೆಯಿಂದ ಗೆರೆಗೆ ಅಳೆಯುವುದನ್ನು ನಂಬಿ ಬರೆದ ಪುಟಗಳೆಲ್ಲ ಒಂದೇ ದಿನದಲ್ಲಿ ಕೆಟ್ಟುಹೋಗುತ್ತವೆ. ಬರೆದವರು ಯಾವ ಊರಲ್ಲಿದ್ದಾರೋ, ತಿದ್ದಲು ಈಗ ಇದ್ದಾರೋ ಇಲ್ಲವೋ. ಬದಲಾಯಿಸದೆ ಬಿಟ್ಟರೆ, ನಿಯಮ ಕಲಿತು ಶ್ರದ್ಧೆಯಿಂದ ಬರೆದವರ ಪುಟ ಕೆಡುತ್ತದೆ.

ಇದಕ್ಕೆ ಹುಡುಕಿದ ಉಪಾಯ ನನಗೆ ಬಹಳ ಇಷ್ಟ. ಪುಟದ ಸೂಚನೆಗಳ ಮೊಟ್ಟಮೊದಲಿಗೆ ‘ಡಾಕ್‌ಟೈಪ್’ ಎಂಬ ಒಂದು ಸಾಲು ಬರೆಯಬೇಕೆಂದು ನಿಯಮದಲ್ಲಿತ್ತು. ‘ಇದು ಇಂಥ ನಿಯಮದಂತೆ ಬರೆದ ಪುಟ’ ಎನ್ನುವ ಸಾಲು. ಪರದೆಯ ಮೇಲೆ ಅದು ಕಾಣುವುದಿಲ್ಲ, ಅದಕ್ಕೇ ಹೆಚ್ಚಿನವರು ಬರೆಯುತ್ತಲೇ ಇರಲಿಲ್ಲ. ನಿಯಮ ಓದಿಕೊಂಡವರು ಮಾತ್ರ ಬರೆಯುತ್ತಿದ್ದರು. ಹಾಗಾದರೆ ಆ ಸಾಲು ಇದ್ದರೆ ಬರೆದವರಿಗೆ ನಿಯಮ ಗೊತ್ತು, ಇಲ್ಲದಿದ್ದರೆ ಹಳೆಯ ರೂಢಿಯಂತೆ ಬರೆದಿದ್ದಾರೆ ಎಂದು ಊಹಿಸಬಹುದಲ್ಲ! 2000ದ ಮಾರ್ಚಿನಲ್ಲಿ ಮ್ಯಾಕ್ ಕಂಪ್ಯೂಟರಿಗಾಗಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಟಾಂಟೆಕ್ ಚೆಲಿಕ್ ಮತ್ತು ಜೊತೆಗಾರರು ಇದನ್ನು ಮಾಡಿ ತೋರಿಸಿದರು. ಸಾಲು ಇದ್ದರೆ ನಿಯಮದಂತೆ, ಇಲ್ಲದಿದ್ದರೆ ಹಳೆಯ ರೂಢಿಯಂತೆ. ಉಳಿದ ಬ್ರೌಸರ್‌ಗಳೂ ಇದೇ ದಾರಿ ಹಿಡಿದವು, ಇಂದಿಗೂ ಹಿಡಿದಿವೆ.

ಕಂಪ್ಯೂಟರಿನಲ್ಲಿ ಯಾವುದಾದರೂ ಪುಟ ತೆರೆದು, ಕಂಟ್ರೋಲ್ ಗುಂಡಿ ಒತ್ತಿಹಿಡಿದು ಯು ಒತ್ತಿ ನೋಡಿ. ಸೂಚನೆಗಳೆಲ್ಲ ಕಾಣುತ್ತವೆ. ಮೇಲ್ಗಡೆ ಆ ಸಾಲನ್ನು ನೀವೇ ಹುಡುಕಿ. ಆಮೇಲೆ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ ಜಗತ್ತಿನ ಮೊದಲ ವೆಬ್‌ಸೈಟನ್ನೂ ಹೀಗೇ ತೆರೆದು ನೋಡಿ. ಸರ್ನ್‌ನವರು 2013ರಲ್ಲಿ ಅದನ್ನು ಮತ್ತೆ ಅದರ ಮೊದಲ ವಿಳಾಸದಲ್ಲಿ ಇಟ್ಟಿದ್ದಾರೆ. ಅದರಲ್ಲಿ ಡಾಕ್‌ಟೈಪ್ ಸಾಲಿಲ್ಲ. ‘ನೆಕ್ಸ್ಟ್‌ಐಡಿ’ ಎಂಬ, ಈಗ ಯಾರೂ ಬಳಸದ ಸೂಚನೆಯೊಂದು ಇದೆ. ಬ್ರೌಸರ್ ಅದನ್ನು ಸುಮ್ಮನೆ ದಾಟಿಕೊಂಡು ಹೋಗಿ ಪುಟವನ್ನು ಚೊಕ್ಕವಾಗಿ ತೋರಿಸುತ್ತದೆ.

ಅಂದ ಹಾಗೆ, ಗೆರೆಯಿಂದ ಗೆರೆಗೆ ಅಳೆಯುವ ಹಳೆಯ ರೀತಿಯೇ ಸುಲಭವೆಂದು ಮುಂದೆ ಬಹಳ ಜನರಿಗೆ ಅನ್ನಿಸಿತು. ನನಗೂ ಹಾಗೇ ಅನ್ನಿಸುತ್ತದೆ. ಈಗ ನಿಯಮದಲ್ಲೇ ಅದಕ್ಕೂ ಒಂದು ಸೂಚನೆಯಿದೆ, ಬೇಕಾದವರು ಬರೆದುಕೊಳ್ಳಬಹುದು.

ಇನ್ನು ನಮ್ಮ ಕನ್ನಡದ ಹಳೆಯ ಪುಟಗಳಿಗೆ ಬರೋಣ. ಅವುಗಳ ತೊಡಕು ಬೇರೆ ಥರದ್ದು. ಕಂಪ್ಯೂಟರಿಗೆ ಕನ್ನಡ ಅಕ್ಷರಗಳೇ ಗೊತ್ತಿಲ್ಲದ ಕಾಲದಲ್ಲಿ, ಬರಹ, ನುಡಿಯಂಥ ತಂತ್ರಾಂಶಗಳು ಜಾಣತನದ ಒಂದು ದಾರಿ ಕಂಡುಕೊಂಡಿದ್ದವು. ಒಳಗೆ ಇಂಗ್ಲಿಷ್ ಅಕ್ಷರವೇ ಇರಲಿ, ಫಾಂಟು ಅದರ ಜಾಗದಲ್ಲಿ ಕನ್ನಡದ ಆಕಾರ ಬಿಡಿಸಲಿ! ನುಡಿಯಲ್ಲಿ ‘ಕನ್ನಡ’ ಎಂದು ಬರೆದರೆ ಒಳಗೆ ಕೂರುವುದು ಏಳು ಗುರುತುಗಳು. ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯು, ಇನ್ನೊಮ್ಮೆ ಅದೇ ಎ. ಪಿ ಎಂದರೆ ‘ಕ’ದ ಮೈ, ಆ ಎ ಎಂದರೆ ತಲೆಕಟ್ಟು. ಮೂರು ಅಕ್ಷರಕ್ಕೆ ಮೂರು ತಲೆಕಟ್ಟು, ನೋಡಿದಿರಾ?

ಆ ಫಾಂಟು ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಹಳೆಯ ಪುಟ ಇಂದಿಗೂ ಕನ್ನಡವಾಗಿಯೇ ಕಾಣುತ್ತದೆ. ಇಲ್ಲದಿದ್ದರೆ ಆ ಏಳು ಗುರುತುಗಳೇ ಕಾಣುತ್ತವೆ. ಬ್ರೌಸರಿನ ತಪ್ಪೇನಿಲ್ಲ, ಪುಟದಲ್ಲಿ ನಿಜವಾಗಿ ಇರುವುದು ಅವೇ.

ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿ ಬಂದ ಮೇಲೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಸಿಕ್ಕಿತು. ಒಮ್ಮೆ ಕೊಟ್ಟ ಸಂಖ್ಯೆಯನ್ನಾಗಲಿ ಹೆಸರನ್ನಾಗಲಿ ಬದಲಾಯಿಸುವುದಿಲ್ಲ ಎಂದು ಯೂನಿಕೋಡಿನವರು ಮಾತು ಕೊಟ್ಟಿದ್ದಾರೆ. ಹಾಗೆ ಬದಲಾಯಿಸಿದರೆ ಅದನ್ನು ನಂಬಿದ ಹಳೆಯ ಬರಹಗಳೂ ತಂತ್ರಾಂಶಗಳೂ ಕೆಡುತ್ತವಲ್ಲ, ಅದಕ್ಕೆ. ಈ ಮಾತಿನಿಂದ ನಮ್ಮದೇ ಒಂದು ಅಕ್ಷರಕ್ಕೆ ವಿಚಿತ್ರ ಪಾಡು ಬಂದಿದೆ. ಹಳಗನ್ನಡದಲ್ಲಿ ೞ ಎಂಬ ಅಕ್ಷರವಿತ್ತು. ಇಂದಿನ ಕೋಳಿ ಆಗ ಕೋೞಿ. ಯೂನಿಕೋಡಿನ ಪಟ್ಟಿಯಲ್ಲಿ ಈ ಅಕ್ಷರಕ್ಕೆ ತಪ್ಪಿ ‘ಫ’ ಎಂದು ಹೆಸರು ಬಿತ್ತು. ತಪ್ಪೆಂದು ಎಲ್ಲರಿಗೂ ಗೊತ್ತು, ಅಳಿಸುವಂತಿಲ್ಲ. ಅದಕ್ಕೇ ಆ ಹೆಸರನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನೂ ಅಧಿಕೃತವಾಗಿ ಸೇರಿಸಿದ್ದಾರೆ. ಹೆಸರು ಏನೇ ಇದ್ದರೂ ಸಂಖ್ಯೆ ಒಂದೇ ಆದ್ದರಿಂದ, ಈ ಅಕ್ಷರವಿರುವ ಫಾಂಟು ಇದ್ದಲ್ಲೆಲ್ಲ ಬ್ರೌಸರ್ ಅದನ್ನು ೞ ಎಂದೇ ಬಿಡಿಸುತ್ತದೆ.